ಸೀನುದಿಂಬು

ಮಾರ್ಗಶಿರ ಅರ್ಧ ಕಳೆದಿತ್ತು. ಇಬ್ಬನಿ ಆರಿದ ಮೇಲೆ ನಾವೆಲ್ಲ ಬೋರಪ್ಪನ ಹೊಲಕ್ಕೆ ಇಳಿದಿದ್ದೆವು. ಕೊಯ್ದು ಹಾಸಿದ್ದ ರಾಗಿ ಚೆನ್ನಾಗಿ ಒಣಗಿ, ಮುಟ್ಟಿದರೆ ಸರಸರ ಎನ್ನುತ್ತಿತ್ತು. ಹೋದ ವಾರ ಅವನ ಮನೆಯವರು ನಮ್ಮ ಹೊಲಕ್ಕೆ ಮುಯ್ಯಾಳಾಗಿ ಬಂದು ದುಡಿದಿದ್ದರು, ಈ ವಾರ ನಾವು ಅವನ ಹೊಲಕ್ಕೆ. ಗಂಡಸರು ತೆಕ್ಕೆ ತೆಕ್ಕೆ ಹುಲ್ಲು ತಂದು ಹಾಕುವುದು, ಹೆಂಗಸರು ಅದರಲ್ಲೇ ನಾಲ್ಕು ಎಳೆ ತೆಗೆದು ಹೊಸೆದು, ಮೊಣಕಾಲಲ್ಲಿ ಅದುಮಿ ಕಂತೆ ಕಟ್ಟುವುದು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹೊಲದ ತುಂಬ ಕಂತೆಗಳು ಸಂತೆಗೆ ಬಂದ ಹೆಂಗಸರ ಹಾಗೆ ಗುಂಪು ಗುಂಪಾಗಿ ಕೂತಿದ್ದವು. ಇನ್ನು ಗಾಡಿಗೆ ಏರಿಸಿ ಕಣದಲ್ಲಿ ಮೆದೆ ಒಟ್ಟುವುದಷ್ಟೇ ಬಾಕಿ. ಆಗ ನಾನು ಸೀನಿದೆ.

ಒಂದೇ ಸೀನು. ಸೀನುದಿಂಬು ಸೊಂಟದಲ್ಲೇ ಇತ್ತು, ಮೂಗಿಗೆ ಒತ್ತಿಕೊಳ್ಳುವಷ್ಟು ಪುರಸೊತ್ತು ಸಿಗಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿನ ತನಕ ಕಂತೆಗಳೆಲ್ಲ ಒಂದೇ ಏಟಿಗೆ ಸಡಿಲಗೊಂಡು ಉಸ್ಸೆಂದು ಕಾಲು ಚಾಚಿ ಮಲಗಿದವು. ಎಷ್ಟು ಹೇಳಿದರೂ ಬುತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಯೇ ತರುವ ಬೋರಪ್ಪನ ಮುದ್ದೆ ಕೂಡ ಉರುಳಿಕೊಂಡು ಸಾಲಿಗೆ ಬಿತ್ತು.

ಯಾರೂ ಬಯ್ಯಲಿಲ್ಲ. ನಮ್ಮೂರಲ್ಲಿ ಸೀನಿದವರನ್ನು ಬಯ್ಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಬೈಗುಳವೇ ವಾಸಿ. ಬೋರಪ್ಪ ಮುದ್ದೆಗೆ ಅಂಟಿದ ಮಣ್ಣನ್ನು ಉಗುರಿನಲ್ಲಿ ಕೆರೆಯುತ್ತ, "ಜವರಣ್ಣ, ನಾನು ಮುಯ್ಯಾಳು ಕಳ್ಸು ಅಂದ್ರೆ ನೀನು ಮೂಗು ಕಳ್ಸಿದ್ದೀಯಲ್ಲ," ಎಂದ.

ನನ್ನ ಗಂಡ ಜವರಯ್ಯ ನನ್ನ ಕಡೆ ನೋಡಿದರು. "ಲೇ ನಿಂಗಾಜಿ, ಮಾತ್ರೆ ನುಂಗಿಲ್ವಾ?"

"ನುಂಗಿಲ್ಲ."

"ಮರ್ತ್ಯಾ?"

"ಮರೀಲಿಲ್ಲ. ಬಿಟ್ಟೆ."

ಬಿಟ್ಟೆ ಎಂಬ ಮಾತು ಕೇಳಿ ಕುಡುಗೋಲು ಮಸೆಯುತ್ತಿದ್ದವರೂ ಕೈ ನಿಲ್ಲಿಸಿದರು. ಬಿಚ್ಚಿದವರೇ ಕಟ್ಟಬೇಕು ಎಂಬುದು ಊರಿನ ಕಟ್ಟಳೆ. ನಾನು ಸೆರಗು ಸಿಕ್ಕಿಸಿ ಮೊದಲ ಸಾಲಿನಿಂದ ಶುರು ಮಾಡಿದೆ. ಬದುವಿನ ಮೇಲೆ ಮಜ್ಜಿಗೆ ಗಡಿಗೆ ಇಟ್ಟುಕೊಂಡು ಕೂತಿದ್ದ ನಮ್ಮ ಅತ್ತೆ ದ್ಯಾವೀರಮ್ಮ ಇಳಿದು ಬಂದು ಎರಡನೇ ಸಾಲು ಹಿಡಿದರು. ಹೊತ್ತು ಮುಳುಗುವ ತನಕ ನಾವಿಬ್ಬರೇ ಕಟ್ಟಿದೆವು. ನಡುನಡುವೆ ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ಮಾತ್ರ, "ಏನ್ ಮೂಗವ್ವ ನಿಂದು, ಯಾವ ಗಳಿಗೇಲಿ ಹುಟ್ತೋ," ಎನ್ನುತ್ತಿದ್ದರು.

ನಾನು ಗುಡ್ಡದಾಚೆಯ ಊರಿನವಳು. ಅಲ್ಲಿ ಸೀನು ಬರೀ ಸೀನು. ಬಂದರೆ ಮೂಗು ಒರೆಸಿಕೊಂಡು ಮುಂದಿನ ಕೆಲಸ. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನೋಡುತ್ತೇನೆ, ಎಮ್ಮೆಗೆ ಸರಪಳಿ, ಬಾವಿಯ ಬಿಂದಿಗೆಗೆ ಸರಪಳಿ, ತೊಟ್ಟಿಲಿಗೆ ಕಬ್ಬಿಣದ ಕೊಂಡಿ, ಗಂಡಸರ ಪಂಚೆಯ ಮೇಲೆ ಅಗಲದ ಬೆಲ್ಟು, ಹೆಂಗಸರ ತಲೆಗೆ ಕ್ಲಿಪ್ಪು. ಅಂಗಡಿಯವನು ಪೊಟ್ಟಣಕ್ಕೆ ದಾರ ಸುತ್ತುವುದಿಲ್ಲ, ಕಾಗದದ ಕಿವಿ ಮಡಿಸಿ ಒಳಗೆ ಸಿಕ್ಕಿಸುತ್ತಾನೆ. ಊರಲ್ಲಿ ಮೊದಲು ಹೆಂಚಿನ ಮನೆ ಕಟ್ಟಿಸಿದವನು ಕಮ್ಮಾರ. ಒಂದು ಸೀನು ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರದ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಅದಕ್ಕೇ ಈ ಏರ್ಪಾಟು. ನಶ್ಯ ಮಾರುವವನು ಬಂದರೆ ಊರ ಮುಂದಿನ ಅರಳಿಕಟ್ಟೆಯಿಂದಲೇ ನೀರು ಕುಡಿಸಿ ವಾಪಸು ಕಳಿಸುತ್ತಾರೆ.

ಗಂಟು ಉಳಿದಿರುವುದು ಎರಡೇ ಕಡೆ. ಒಂದು ರಾಗಿ ಕಂತೆ, ಹುಲ್ಲು ಮುಳ್ಳಿನ ಹೊರೆಗಳಿಗೆ, ಏಕೆಂದರೆ ಕಂತೆ ಕಂತೆಗೂ ಸರಪಳಿ ಹಾಕುವಷ್ಟು ಕಬ್ಬಿಣ ಯಾವ ಕಮ್ಮಾರನ ಹತ್ತಿರವೂ ಇಲ್ಲ. ಇನ್ನೊಂದು ಮದುವೆಯಲ್ಲಿ, ತಾಳಿಗೆ. ತಾಳಿಗೂ ಕೊಂಡಿ ಹಾಕೋಣವೆಂದು ಯಾವ ಕಾಲದಲ್ಲೋ ಮಾತು ಬಂದಿತ್ತಂತೆ. ಎಮ್ಮೆಗೂ ನಮಗೂ ವ್ಯತ್ಯಾಸ ಬೇಡವೇ ಎಂದು ಆಗಿನ ಹೆಂಗಸರು ಹಟ ಹಿಡಿದು ಕೂತರಂತೆ. ಹಾಗಾಗಿ ಮದುವೆಯ ದಿನ ಅರಿಸಿನ ದಾರದ ಮೂರು ಗಂಟು, ಮಾರನೆಯ ಬೆಳಗ್ಗೆ ಕೊಂಡಿಯ ಸರ. ಆ ಒಂದು ದಿನ ಊರಿಗೆ ಊರೇ ಉಸಿರು ಬಿಗಿ ಹಿಡಿದಿರುತ್ತದೆ. ಚಪ್ಪರದಲ್ಲಿ ಯಾರ ಸೀನಿಗೆ ತಾಳಿ ಬಿಚ್ಚಿತೋ ಅವರು ಎದ್ದು ಹೊರಗೆ ಹೋಗಬೇಕು. ಕೊನೆಯ ಪಂಕ್ತಿ ಉಂಡು ಎದ್ದ ಮೇಲೆಯೇ ಅವರಿಗೆ ಒಳಗೆ ಪ್ರವೇಶ. ಗಂಡಿನ ಅಜ್ಜನಾದರೂ ಸರಿ, ಹೆಣ್ಣಿನ ತಾಯಿಯಾದರೂ ಸರಿ.

ಇಂಥ ಊರಿಗೆ ಇಂಥ ಮೂಗು ಹೊತ್ತು ಬಂದವಳು ನಾನು. ರಾಗಿ ಹೊಟ್ಟು ಹಾರಿದರೆ ಸೀನು, ಹುಲ್ಲು ಹೂ ಬಿಟ್ಟರೆ ಸೀನು, ಹೊಸ್ತಿಲು ದಾಟಿದರೆ ಸೀನು. ಬಂದ ಮೊದಲ ವರ್ಷ ನಾನು ಬಿಚ್ಚಿದ್ದು ಅಷ್ಟಿಷ್ಟಲ್ಲ. ಪಕ್ಕದ ಮನೆಯವರು ಬೇಲಿಗೆ ಕಟ್ಟಿದ್ದ ಮುಳ್ಳಿನ ಹೊರೆ, ಎದುರು ಮನೆಯ ಹುಲ್ಲಿನ ಗಾಡಿ. ಯಾರಾದರೂ ಬೀದಿಯಲ್ಲಿ ನಿಂತು "ಯಾರವ್ವ ಸೀನಿದ್ದು?" ಎಂದು ಕೂಗಿದರೆ ನಾನು ಒಳಗೆ ಕಂಬ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಹೊರಗೆ ಬಂದು, "ನಂದು ಕಣಪ್ಪ, ವಯಸ್ಸಾಯ್ತು, ತಡಕಳಕಾಗ್ಲಿಲ್ಲ," ಎಂದು ಹೇಳಿ, ಹೋಗಿ ಕಟ್ಟಿಕೊಟ್ಟು ಬರುತ್ತಿದ್ದರು. ವಯಸ್ಸಾಗಿರಲಿಲ್ಲ, ಆಗ ಅವರ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಮುಳ್ಳಿನ ಹೊರೆ ಕಟ್ಟಿ ಬಂದ ದಿನ ಅವರ ಕೈಗೆ ನಾನು ಎಣ್ಣೆ ಹಚ್ಚಿದ್ದೆ. "ಇದನ್ನ ಯಾವತ್ತೋ ಒಂದಿನ ತೀರುಸ್ವಂತೆ ಬಿಡು," ಎಂದಿದ್ದರು.

ಆಮೇಲೆ ತಮ್ಮ ಸೀನುದಿಂಬನ್ನೇ ನನಗೆ ಕೊಟ್ಟರು. ಅಂಗೈ ಅಗಲದ ಪುಟ್ಟ ದಿಂಬು, ಸೊಂಟಕ್ಕೆ ಕೊಂಡಿ ಹಾಕಿ ನೇತುಬಿಟ್ಟುಕೊಳ್ಳುವುದು. ಸೀನು ಬರುವ ಹಾಗಾದರೆ ಅದನ್ನು ಮೂಗು ಬಾಯಿಗೆ ಒತ್ತಿಕೊಂಡು ಸೀನಬೇಕು, ಸದ್ದು ಹೊರಗೆ ಹೋಗಬಾರದು. ಊರಲ್ಲಿ ಎಲ್ಲರ ಸೊಂಟದಲ್ಲೂ ಒಂದೊಂದು ಇರುತ್ತದೆ. ನಮ್ಮ ಮನೆಯದಕ್ಕೆ ದೊಡ್ಡ ಹೆಸರು. ಅತ್ತೆಗೆ ಅವರ ಅತ್ತೆ ಕೊಟ್ಟದ್ದು, ಅವರಿಗೆ ಅವರ ಅತ್ತೆ. ಯುಗಾದಿಗೊಮ್ಮೆ ಅದರ ಮೇಲೆ ಒಂದು ಹೊಸ ಬಟ್ಟೆ ಹೊಲಿಯುವುದು ವಾಡಿಕೆ, ಹಳೆಯದನ್ನು ಬಿಚ್ಚುವ ಹಾಗಿಲ್ಲ. ಹಾಗಾಗಿ ಅದು ವರ್ಷ ವರ್ಷ ಕೊಬ್ಬುತ್ತ ಬಂದಿತ್ತು. ನನಗೆ ಅದರ ಮೇಲೆ ಎಷ್ಟು ನಂಬಿಕೆಯೆಂದರೆ ಮಲಗುವಾಗಲೂ ಕೆನ್ನೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ.

ದಿಂಬಿಗೂ ಬಗ್ಗದಿದ್ದಾಗ ಮಾತ್ರೆ ಬಂತು. ಔಷಧಿ ಅಂಗಡಿಯ ಪುಟ್ಟಾಚಾರಿ ಕೊಟ್ಟ ಹಳದಿ ಮಾತ್ರೆ, ಕಡಲೆಬೇಳೆ ಗಾತ್ರದ್ದು. ನುಂಗಿದ ಗಳಿಗೆಗೆ ಸೀನು ನಿಂತಿತು. ಇನ್ನೊಂದು ಗಳಿಗೆಗೆ ನಾನೂ ನಿಂತೆ. ಒಲೆಯ ಮುಂದೆ ಕೂತಲ್ಲೇ ತೂಕಡಿಕೆ, ನಾಲಿಗೆ ಒಣಗಿ ಹಪ್ಪಳ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಹೊರಟುಹೋಗಿರುತ್ತಿದ್ದರು. ಊರಿಗೆ ಇದರಿಂದ ಬಹಳ ಅನುಕೂಲವಾಯಿತು. ನಿಂಗಾಜಮ್ಮ ಎಂಥ ತಣ್ಣಗಿನ ಹೆಂಗಸು, ಎದುರು ಮಾತಿಲ್ಲ, ಸೀನಿಲ್ಲ, ಎಂದು ಹೊಗಳಿದರು. ಹಬ್ಬದ ಹಿಂದಿನ ದಿನ, ಕೊಯ್ಲಿನ ಹಿಂದಿನ ದಿನ, ಅಕ್ಕಪಕ್ಕದವರು ಬಂದು, "ಮಾತ್ರೆ ಅದೋ ಇಲ್ವೋ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಖಾಲಿಯಾಗಿದ್ದರೆ ಯಾರೋ ಒಬ್ಬರು ತಂದುಕೊಡುತ್ತಿದ್ದರು. ನನ್ನ ಯಾವ ಕಾಯಿಲೆಗೂ ಊರು ಅಷ್ಟು ಕಾಳಜಿ ತೋರಿಸಿದ್ದಿಲ್ಲ.

ಹೀಗೆ ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾದರು. ದೊಡ್ಡವಳು ಸಣ್ಣತಾಯಿಯ ಮದುವೆಗೆ ಎರಡು ಮಾತ್ರೆ ನುಂಗು ಎಂದರು, ನುಂಗಿದೆ. ಆ ಮದುವೆಯ ಬಗ್ಗೆ ನನಗೆ ನೆನಪಿರುವುದು ಚಪ್ಪರದ ಕಂಬ ಬೆನ್ನಿಗೆ ತಣ್ಣಗಿತ್ತು ಎಂಬುದೊಂದೇ. ಫೋಟೋಗಳು ಬಂದವು. ತಾಳಿ ಕಟ್ಟುವ ಫೋಟೋದಲ್ಲಿ ಎಲ್ಲರ ಕೈಯೂ ಅಕ್ಷತೆಗೆ ಎದ್ದಿದೆ, ಮೂಲೆಯಲ್ಲಿ ನಾನು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದೇನೆ. ನನ್ನ ಬಾಯೊಳಗೆ ಒಂದು ಅಕ್ಷತೆ ಕಾಳು ಬಿದ್ದಿರುವುದು ಕೂಡ ಕಾಣುತ್ತದೆ. ಆ ಫೋಟೋಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದವರು ನನ್ನ ಗಂಡ.

ಈ ಸಲ ಚಿಕ್ಕವಳ ಮದುವೆ. ಚೆಲುವಿ ಬಾಯಿ ಜೋರು. ಸಂಬಂಧ ಗೊತ್ತಾದ ದಿನ ಆ ಫೋಟೋದ ಕೆಳಗೆ ನಿಂತು, "ಅವ್ವ, ನನ್ ಮದ್ವೇಲೂ ಹಿಂಗೇ ಮಲಗ್ತೀಯ? ಹಂಗಾದ್ರೆ ಹೇಳ್ಬುಡು, ಚಾಪೆ ಹಾಸುಸ್ತೀನಿ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಮುಳ್ಳಿನ ಹಾಗೆ ಉಳಿಯಿತು. ನಾನು ಸ್ವಭಾವದಿಂದಲೇ ಮಂಕೋ, ಮಾತ್ರೆಯಿಂದ ಮಂಕೋ, ನನಗೇ ಗೊತ್ತಿರಲಿಲ್ಲ. ಮಾತ್ರೆ ಇಲ್ಲದ ನನ್ನನ್ನು ನಾನು ನೋಡಿಯೇ ಎಷ್ಟೋ ವರ್ಷವಾಗಿತ್ತು. ಒಬ್ಬ ಮಗಳ ತಾಳಿಯಂತೂ ನೋಡಲಿಲ್ಲ, ಇನ್ನೊಬ್ಬಳದ್ದನ್ನಾದರೂ ಕಣ್ಣು ಬಿಟ್ಟು ನೋಡಬೇಕು ಎಂದು ಮನಸ್ಸು ಹಟ ಹಿಡಿಯಿತು. ಮಾಘದಲ್ಲಿ ಮದುವೆ. ಕೊಯ್ಲಿನ ಹೊತ್ತಿಗೆ ಮಾತ್ರೆ ಬಿಟ್ಟೆ, ಯಾರಿಗೂ ಹೇಳದೆ. ಮುಂದಿನದು ಬೋರಪ್ಪನ ಹೊಲದಲ್ಲಿ ಗೊತ್ತಾಯಿತು.

ಹೊಲದಿಂದ ಬಂದ ಮೇಲೂ ನಾನು ನುಂಗಲಿಲ್ಲ. ದಿಂಬನ್ನು ಮೂಗಿಗೆ ಕಟ್ಟಿಕೊಂಡವಳ ಹಾಗೆ ಓಡಾಡಿದೆ. ಸೀನು ಹೆಚ್ಚಿತು, ಅದರ ಜೊತೆ ಎಚ್ಚರವೂ ಹೆಚ್ಚಿತು. ಸಾರಿಗೆ ಉಪ್ಪು ಎಷ್ಟು ಎಂಬುದು ನಾಲಿಗೆಗೆ ತಿಳಿಯಿತು. ಮನೆಯ ಜಂತೆಯಲ್ಲಿ ಗೆದ್ದಲು ಹಿಡಿದಿರುವುದು ಕಂಡಿತು. ಗಂಡ ಉಣ್ಣುವಾಗ ಎದುರಿಗೆ ಕೂತು, "ಅಲ್ಲ, ಆ ಕೆಳಗಿನ ತುಂಡು ಹೊಲಾನ ಯಾಕೆ ನಿಮ್ಮ ತಮ್ಮನಿಗೆ ಬಿಟ್ಕೊಟ್ರಿ?" ಎಂದು ಕೇಳಿದೆ.

ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು, "ಅದು ಆಗಿ ಎಷ್ಟ್ ವರ್ಷ ಆಯ್ತೇ?" ಎಂದರು.

"ಆಗ ನಿದ್ದೇಲಿದ್ದೆ. ಈಗ ಕೇಳ್ತಿದ್ದೀನಿ."

ಅವರು ಅತ್ತೆಯ ಕಡೆ ತಿರುಗಿ, "ಅವ್ವ, ಇವಳಿಗೆ ಒಂದು ಮಾತ್ರೆ ಕೊಡವ್ವ," ಎಂದರು.

ಅವರ ಸಂಕಟ ಅರ್ಥವಾಗುತ್ತಿತ್ತು. ಮದುವೆಯಾಗಿದ್ದು ಒಬ್ಬಳನ್ನು, ಈಗ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿರುವವಳು ಇನ್ನೊಬ್ಬಳು.

ಆದರೆ ನನ್ನ ಜಂಬ ಬಹಳ ದಿನ ನಡೆಯಲಿಲ್ಲ. ಒಂದು ಬೆಳಗ್ಗೆ ಏಳುವಾಗ ಎದೆ ಹಿಡಿದುಕೊಂಡಿತ್ತು. ಮುಖ ಊದಿ, ಉಸಿರು ಒಳಗೆ ಹೋಗಲು ಸಂದು ಹುಡುಕುತ್ತಿತ್ತು, ಕೊಳಲಿನ ಹಾಗೆ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಗಂಡ ಗಾಡಿ ಕಟ್ಟಿ, ಎತ್ತುಗಳನ್ನು ಓಡಿಸಿಕೊಂಡೇ ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ಅವರು ಒಂದು ಮಾತೂ ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾದದ್ದು.

ಆಸ್ಪತ್ರೆಯ ಡಾಕ್ಟರಮ್ಮ ತಸ್ನೀಮ್ ಹೊರಗಿನಿಂದ ಬಂದವರು. ಬಂದ ಹೊಸದರಲ್ಲಿ ಲೇಸಿನ ಶೂ ಹಾಕಿಕೊಂಡು ವಾರ್ಡಿನ ನಡುವೆ ಮುಗ್ಗರಿಸಿ ಬಿದ್ದು, ಆಮೇಲೆ ಬಕಲಿನ ಚಪ್ಪಲಿಗೆ ಇಳಿದಿದ್ದರು. ಸೂಜಿ ಚುಚ್ಚಿ, ಮೂಗಿಗೆ ಹೊಗೆಯಂಥ ಔಷಧಿ ಹಿಡಿದು, ನನ್ನ ಉಸಿರು ಸರಿಯಾಗುವ ತನಕ ಪಕ್ಕದಲ್ಲೇ ಕೂತಿದ್ದರು. ಸರಿಯಾದ ಮೇಲೆ ಬಯ್ದರು.

"ಇಷ್ಟು ವರ್ಷದ ಮಾತ್ರೆ, ಯಾರನ್ನ ಕೇಳಿ ಬಿಟ್ಟಿರಿ?"

"ಇಷ್ಟು ವರ್ಷ ಯಾರನ್ನ ಕೇಳಿ ನುಂಗ್ದೆ ಅಂತ ನೀವು ಕೇಳಲಿಲ್ವಲ್ಲ ಡಾಕ್ಟ್ರಮ್ಮ," ಎಂದೆ.

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಸರಿ, ಅದನ್ನೂ ಕೇಳೋಣ. ನೋಡಿ, ಉಸಿರು ಕಟ್ಟೋದು ಆಟ ಅಲ್ಲ. ಬಿಡಬೇಕು ಅನ್ನಿಸಿದರೆ ಇಲ್ಲಿ ಬಂದು ಹೇಳಿ, ಒಟ್ಟಿಗೆ ಯೋಚನೆ ಮಾಡೋಣ. ಈ ಹಳದಿ ಮಾತ್ರೆ ಹಳೇ ಕಾಲದ್ದು, ನಿದ್ದೆ ತರಿಸುತ್ತೆ. ನಿದ್ದೆ ಅಷ್ಟಾಗಿ ಬರಿಸದೆ ಇರೋವು ಈಗ ಇವೆ. ಆದರೆ ಅದಕ್ಕಿಂತ ಮುಂಚೆ ನಿಮಗೆ ಆಗದೆ ಇರೋದು ಏನು ಅಂತ ಗೊತ್ತಾಗಬೇಕು. ಯಾರಾದರೂ ನೋಡಿದ್ದಾರಾ?"

"ನೋಡೋದೇನು, ಹೊಟ್ಟು, ಹುಲ್ಲು."

"ಹೊಲದಲ್ಲಿ ಜಾಸ್ತಿಯೋ, ಮನೆಯಲ್ಲಿ ಜಾಸ್ತಿಯೋ?"

ಆಗ ಹೊಳೆಯಿತು. ಕೆರೆಯಲ್ಲಿ ಬಟ್ಟೆ ಒಗೆಯುವಾಗ ಸೀನು ಬಂದದ್ದೇ ಇಲ್ಲ. ತವರಿಗೆ ಹೋದರೆ ಅಷ್ಟಿಲ್ಲ. ಎಲ್ಲಕ್ಕಿಂತ ಜಾಸ್ತಿ ಹಾಸಿಗೆಯಲ್ಲಿ, ಏಳುವ ಹೊತ್ತಿಗೆ. ಇದನ್ನು ಹೇಳುತ್ತಿರುವಾಗಲೇ ಮೂಗು ಕೆರೆಯಿತು, ಅಭ್ಯಾಸದಂತೆ ಸೊಂಟದ ದಿಂಬನ್ನು ಎತ್ತಿ ಮೂಗಿಗೆ ಒತ್ತಿಕೊಂಡೆ. ಒಂದರ ಹಿಂದೆ ಒಂದು, ಬಿಡದ ಹಾಗೆ ಸೀನಿದೆ.

ಡಾಕ್ಟರಮ್ಮ ನನ್ನ ಕೈಯಿಂದ ದಿಂಬನ್ನು ಎರಡು ಬೆರಳಲ್ಲಿ ತೆಗೆದುಕೊಂಡು, ಮೇಜಿನ ಮೇಲೆ ಮೆಲ್ಲಗೆ ತಟ್ಟಿದರು. ಕಿಟಕಿಯ ಬಿಸಿಲಿನಲ್ಲಿ ಬೂದಿಯಂಥ ಧೂಳು ಎದ್ದು ಸಾವಕಾಶವಾಗಿ ಹರಡಿತು. ಅವರೂ ಒಂದು ಸಲ ಸೀನಿದರು. ಪಕ್ಕದ ಹಾಸಿಗೆಯವನ ಕಾಲಿನ ಬ್ಯಾಂಡೇಜು ಬಿಚ್ಚಿಕೊಂಡಿತು.

"ಇದನ್ನ ಯಾವಾಗ ಒಗೆದಿದ್ದು?" ಎಂದರು.

"ಒಗೆಯೋದಾ? ಇದು ನಮ್ಮ ಅತ್ತೆಯವರ ಅತ್ತೆಯವರ ಅತ್ತೇದು," ಎಂದೆ.

ದಿಂಬು ಬಿಚ್ಚುವ ಕೆಲಸ ನಮ್ಮ ಮನೆಯ ಜಗಲಿಯ ಮೇಲೆ, ಹಾಡು ಹಗಲಲ್ಲಿ, ಬೀದಿಯವರೆಲ್ಲರ ಎದುರಿಗೆ ನಡೆಯಿತು. ನನ್ನನ್ನು ಗಾಳಿಯ ಮೇಲ್ಬದಿಗೆ ದೂರ ಕೂರಿಸಿದ್ದರು. ಅತ್ತೆ ಒಪ್ಪಿರಲಿಲ್ಲ. "ಬಿಚ್ಚಬಾರ್ದು ಅಂತ ನಮ್ಮತ್ತೆ ಹೇಳವ್ರೆ," ಎಂದು ಒಂದೇ ಮಾತು ಹಿಡಿದಿದ್ದರು. ಕೊನೆಗೆ ಚೆಲುವಿ, "ಅಜ್ಜಿ, ಅವ್ವನ ಉಸಿರು ನಿಂತಿದ್ರೆ ನಿಮ್ಮತ್ತೆ ಬಂದು ಕಟ್ಕೊಡ್ತಿದ್ರಾ?" ಎಂದ ಮೇಲೆ ಅವರೇ ಕತ್ತರಿ ಹಿಡಿದರು. ಒಂದೊಂದೇ ಪದರ ಕತ್ತರಿಸುತ್ತ ಹೋದರು. ನನ್ನ ಕಾಲದ ಹೂವಿನ ಚೀಟಿಬಟ್ಟೆ ಮುಗಿದು ಅವರ ಕಾಲದ ಕೆಂಪು ಸೀರೆಯ ತುಂಡು ಬಂತು, ಆಮೇಲೆ ಯಾರೂ ಗುರುತು ಹಿಡಿಯದ ಬಟ್ಟೆಗಳು. ಒಳಗಿದ್ದ ಬೂರುಗದ ಹತ್ತಿ ಹತ್ತಿಯಾಗಿ ಉಳಿದಿರಲಿಲ್ಲ. ಕಪ್ಪು ಪುಡಿ, ಹುಳು ತಿಂದ ಹೊಟ್ಟು, ಯಾವುದೋ ಹಲ್ಲಿಯ ಒಣಗಿದ ಬಾಲ. ಬೋರಪ್ಪ ಬಗ್ಗಿ ನೋಡಿ, "ನಾಲ್ಕು ತಲೆಮಾರಿನ ಸೀನು ಒಂದೇ ಕಡೆ ಕೂಡಿಟ್ಟವ್ರೆ," ಎಂದು ತನ್ನ ಸೊಂಟದ ದಿಂಬನ್ನು ಸದ್ದಿಲ್ಲದೆ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಸೀನು ತಡೆಯಲಿ ಎಂದು ಕೊಟ್ಟ ದಿಂಬನ್ನು ನಾನು ಇಷ್ಟು ವರ್ಷ ಮೂಸಿ ಮೂಸಿ ಸೀನಿದ್ದೆ. ಅತ್ತೆ ಕತ್ತರಿ ಕೆಳಗಿಟ್ಟು, "ನಾನು ಒಳ್ಳೇದಕ್ಕೇ ಕೊಟ್ಟಿದ್ದು ಕಣವ್ವ," ಎಂದರು. ಗೊತ್ತು ಅತ್ತೆ, ಎಂದೆ. ಅವರು ಸೊಂಟದಿಂದ ಪುಟ್ಟ ಹಿತ್ತಾಳೆ ಡಬ್ಬಿ ತೆಗೆದು, ಏನೋ ನೆನಪಾದವರ ಹಾಗೆ ಮತ್ತೆ ಒಳಗೆ ಸಿಕ್ಕಿಸಿ, ಹಿತ್ತಿಲ ಕಡೆ ಹೊರಟುಹೋದರು. ಸುಣ್ಣದ ಡಬ್ಬಿ ಎನ್ನುತ್ತಿದ್ದರು ಅದನ್ನು. ಅವರು ಎಲೆಯಡಿಕೆ ಹಾಕುವವರಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ, ಯೋಚಿಸುವಷ್ಟು ಎಚ್ಚರವಾಗಿ ಯಾವಾಗ ಇದ್ದೆ?

ದಿಂಬು ಹೋದ ಮೇಲೆ ನಾನು ಪೂರಾ ಗುಣವಾದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟು ಹಾರಿದರೆ ಈಗಲೂ ಸೀನು ಬರುತ್ತದೆ. ಡಾಕ್ಟರಮ್ಮ ಕೊಟ್ಟ ಬಿಳಿ ಮಾತ್ರೆಯನ್ನು ಕೊಯ್ಲು ಮುಗಿಯುವ ತನಕ ನುಂಗಿದೆ, ಆಮೇಲೆ ಅವರು ಹೇಳಿದ ಹಾಗೆ ಕಡಿಮೆ ಮಾಡಿದೆ. ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಒಂದು ಔಷಧಿಯನ್ನು ದಿಂಬಿನ ಜಾಗದಲ್ಲಿ ಸೊಂಟಕ್ಕೆ ನೇತುಹಾಕಿಕೊಂಡೆ. ಆದರೆ ಏಳುವ ಹೊತ್ತಿಗೆ ಮೂಗು ತೆರೆದಿರುತ್ತಿತ್ತು, ಮತ್ತು ನಾನು ಎಚ್ಚರವಿದ್ದೆ. ಊರಿಗೆ ಇದೇ ತೊಡಕಾದದ್ದು.

ಮದುವೆಗೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ಗಂಡಿನ ಚಿಕ್ಕಪ್ಪನೂ ನಮ್ಮೂರ ಯಜಮಾನರೂ ಒಟ್ಟಿಗೆ ಬಂದು ಜಗಲಿಯ ಮೇಲೆ ಕೂತರು. ಬೆಲ್ಲ ನೀರು ಕುಡಿದು, ಮಳೆ ಬೆಳೆ ವಿಚಾರಿಸಿ, ಆಮೇಲೆ ಯಜಮಾನರು ಗಂಟಲು ಸರಿಮಾಡಿಕೊಂಡರು. "ನಿಂಗಾಜವ್ವ, ಮುಹೂರ್ತ ಬೆಳಿಗ್ಗೆ ಅದೆ. ಅವತ್ತೊಂದಿನ ಆ ಹಳದೀದೇ ಎರಡು ನುಂಗ್ಬುಡು. ಎಲ್ರಿಗೂ ನೆಮ್ಮದಿ."

"ದೊಡ್ಡವಳ ಮದುವೇಲಿ ಎಲ್ಲರಿಗೂ ನೆಮ್ಮದಿಯಾಗಿತ್ತಲ್ಲ ಯಜಮಾನ್ರೇ," ಎಂದೆ. "ನನ್ನ ಬಾಯಲ್ಲಿ ಅಕ್ಷತೆ ಬಿದ್ದಿತ್ತು. ಈ ಸಲ ಆ ಅಕ್ಷತೇನ ನನ್ನ ಕೈಯಿಂದ ಹಾಕ್ತೀನಿ."

"ಸೀನಿದ್ರೆ?"

"ಸೀನಿದ್ರೆ ಕಟ್ಟಳೆ ಇದೆಯಲ್ಲ. ಎದ್ದು ಹೊರಗೆ ಹೋಗ್ತೀನಿ. ಮಗಳ ಊಟದ ಮನೆಗೆ ಬೆನ್ನು ಹಾಕಿ ಕೂರ್ತೀನಿ. ಆದ್ರೆ ನಿದ್ದೆಗೆ ಹೋಗೋದಿಲ್ಲ."

ಗಂಡಿನ ಚಿಕ್ಕಪ್ಪ ನನ್ನ ಗಂಡನ ಕಡೆ ನೋಡಿದ. ಇವರು ಕೈ ತಿರುಗಿಸಿ, "ನನ್ನ ಯಾಕಪ್ಪ ನೋಡ್ತೀಯ? ಎರಡು ತಿಂಗಳಿಂದ ನಂಗೇ ಲೆಕ್ಕ ಒಪ್ಪಿಸಿ ಸಾಕಾಗ್ಯದೆ," ಎಂದರು. ಹಾಗೆ ಎನ್ನುವಾಗ ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಆ ದಿನ ಸಂಜೆ ನೋಡಿದರೆ ನಡುಮನೆಯ ಫೋಟೋ ಗೋಡೆಯಿಂದ ಇಳಿದಿತ್ತು.

ಮದುವೆಯ ಬೆಳಗ್ಗೆ ನಾನು ಬಿಳಿ ಮಾತ್ರೆ ಒಂದನ್ನು ನುಂಗಿ, ಮೂಗಿಗೆ ನೀರು ಹಾಕಿ ತೊಳೆದು, ಒಗೆದ ಸೀರೆ ಉಟ್ಟು ಚಪ್ಪರಕ್ಕೆ ಬಂದೆ. ಚಪ್ಪರದವರು ನನಗಾಗಿಯೇ ಮಾವಿನ ಸೊಪ್ಪನ್ನು ನೀರಲ್ಲಿ ಜಾಲಿಸಿ ಮೊಳೆ ಹೊಡೆದಿದ್ದರು. ಜನ ನನ್ನ ಸುತ್ತ ಜಾಗ ಬಿಟ್ಟು ನಿಂತಿದ್ದರು, ಕಾಯಿಸಿದ ಎಣ್ಣೆಯ ಬಾಣಲೆಯ ಸುತ್ತ ನಿಲ್ಲುವ ಹಾಗೆ. ಹತ್ತಿರ ಇದ್ದವರು ಅತ್ತೆ ಒಬ್ಬರೇ, ನನ್ನ ಬೆನ್ನ ಹಿಂದೆ ನನ್ನ ಭುಜ ಹಿಡಿದುಕೊಂಡು. ಚೆಲುವಿ ಹಸೆಯ ಮೇಲಿನಿಂದ ಒಂದು ಸಲ ತಲೆ ಎತ್ತಿ, ನಾನು ಎಚ್ಚರವಿದ್ದೇನೆಯೇ ಎಂದು ನೋಡಿದಳು. ನಾನು ಕಣ್ಣು ಅಗಲ ಮಾಡಿ ತೋರಿಸಿದೆ. ಅವಳಿಗೆ ನಗು ಬಂತು, ಬಾಸಿಂಗ ಅಲುಗಿತು.

ಗಟ್ಟಿಮೇಳ ಶುರುವಾಯಿತು. ಹುಡುಗ ತಾಳಿ ಎತ್ತಿಕೊಂಡ. ಅರಿಸಿನ ದಾರದ ತುದಿಗಳು ಅವಳ ಕತ್ತಿನ ಹಿಂದೆ ಸೇರಿದವು. ಒಂದು ಗಂಟು. ಅವಳ ಕತ್ತಿನ ಹಿಂದೆ ಒಂದು ಪುಟ್ಟ ಮಚ್ಚೆ ಇದೆ, ಅವಳು ಹುಟ್ಟಿದಾಗ ನೋಡಿದ್ದು ಮರೆತೇಹೋಗಿತ್ತು. ಎರಡನೇ ಗಂಟು. ನಾನು ಅಕ್ಷತೆ ಹಿಡಿದ ಕೈ ಎತ್ತಿದೆ. ಮೂರನೇ ಗಂಟನ್ನು ಹುಡುಗ ನಾಲಿಗೆ ಕಚ್ಚಿಕೊಂಡು ಎಳೆದು ಬಿಗಿದ. ಎಲ್ಲವನ್ನೂ ನೋಡಿದೆ. ಅಕ್ಷತೆ ಹಾಕಿದೆ. ನನ್ನ ಮೂಗು ಕೆರೆ ನೀರಿನ ಹಾಗೆ ತಣ್ಣಗಿತ್ತು.

ಮೇಳ ನಿಂತಿತು. ಆ ನಿಂತ ಗಳಿಗೆಯಲ್ಲಿ ನನ್ನ ಕಿವಿಯ ಹಿಂದೆ ಒಂದು ಸೀನು ಸಿಡಿಯಿತು.

ತಾಳಿ ಚೆಲುವಿಯ ಮಡಿಲಿಗೆ ಜಾರಿತು. ಬಾಸಿಂಗ ಕೆಳಗಿಳಿದು ಹುಡುಗನ ಮೂಗಿನ ಮೇಲೆ ನಿಂತಿತು. ಇಬ್ಬರ ಕಂಕಣವೂ ಸೆರಗಿನ ಗಂಟೂ ಬಿಚ್ಚಿದವು. ಚಪ್ಪರದ ಅಷ್ಟೂ ತಲೆಗಳು ನನ್ನ ಕಡೆಗೇ ತಿರುಗಿದವು, ಅವಕ್ಕೆ ಬೇರೆ ಕಡೆ ತಿರುಗಿ ಅಭ್ಯಾಸವಿರಲಿಲ್ಲ. ನಾನು ಹಿಂದಕ್ಕೆ ನೋಡಿದೆ. ಅತ್ತೆ ಕಲ್ಲಿನ ಹಾಗೆ ನಿಂತಿದ್ದರು. ಅವರ ಮೂಗಿನ ಹೊಳ್ಳೆಯ ಅಂಚಿನಲ್ಲಿ ಕಂದು ಬಣ್ಣದ ಪುಡಿ, ಹೆಬ್ಬೆರಳಿನ ಮೇಲೆ ಅದೇ ಪುಡಿ. ಹಿತ್ತಾಳೆ ಡಬ್ಬಿಯ ಮುಚ್ಚಳ ಅರ್ಧ ತೆರೆದಿತ್ತು. ಯಜಮಾನರು ಎದ್ದು ನಿಂತು ಕೇಳಿದರು. "ಯಾರವ್ವ ಸೀನಿದ್ದು?"

ಅತ್ತೆಯ ತುಟಿ ಅಲುಗಿತು. ಅವರಿಗೆ ಈಗ ನಿಜಕ್ಕೂ ವಯಸ್ಸಾಗಿತ್ತು. ಮೊಮ್ಮಗಳ ಮದುವೆಯ ಚಪ್ಪರದಿಂದ ಎಲ್ಲರ ಎದುರು ಹೊರಗೆ ನಡೆಯುವ ವಯಸ್ಸಲ್ಲ ಅದು. ಅದರ ಮೇಲೆ ಆ ಡಬ್ಬಿ. ನಾನು ಸೆರಗು ಹೊದ್ದು ಅವರ ಮುಂದೆ ಅಡ್ಡವಾಗಿ ನಿಂತೆ.

"ನಂದು ಯಜಮಾನ್ರೇ. ತಡಕೊಳ್ಳೋಕಾಗ್ಲಿಲ್ಲ."

ಯಜಮಾನರು ನಿಟ್ಟುಸಿರು ಬಿಟ್ಟರು. ಅದರಲ್ಲಿ ನಾನು ಹೇಳಿರಲಿಲ್ಲವೇ ಎಂಬ ತೃಪ್ತಿ ಇತ್ತು. ಚೆಲುವಿಯ ಕಣ್ಣು ತುಂಬಿತು. ಗಂಡ ಏನೋ ಹೇಳಲು 'ಅ' ಎಂದವರು ನನ್ನ ಮುಖ ನೋಡಿ ಸುಮ್ಮನಾದರು. ನಾನು ಜನರ ನಡುವೆ ಹಾದು, ಚಪ್ಪರ ದಾಟಿ, ಹೊರಗೆ ಹಲಸಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆ. ಬೇಸರವಾಯಿತೇ ಎಂದರೆ, ಆಯಿತು. ಆದರೆ ನೋಡಬೇಕಾದ್ದನ್ನು ನೋಡಿಯಾಗಿತ್ತು. ಆ ಮಚ್ಚೆ, ಹುಡುಗನ ನಾಲಿಗೆಯ ತುದಿ, ಎಲ್ಲ. ಬೆನ್ನ ಹಿಂದೆ ಮತ್ತೆ ಗಟ್ಟಿಮೇಳ ಬಾರಿಸಿದರು. ಊರಿನ ಬಾಕಿ ಜನ ಎರಡು ಸಲ ನೋಡಿದ್ದನ್ನು ನಾನು ಒಂದು ಸಲ ನೋಡಿದ್ದೆ, ಅಷ್ಟೇ ವ್ಯತ್ಯಾಸ.

ಮೊದಲ ಪಂಕ್ತಿ ಕೂತಿರಬೇಕು, ಅನ್ನದ ಹಬೆಯ ವಾಸನೆ ಬಂತು. ಅದರ ಹಿಂದೆ ಅತ್ತೆ ಬಂದರು. ಬಂದು ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಹಲಸಿನ ಎಲೆಯೊಂದನ್ನು ಮಡಿಸುತ್ತಿದ್ದರು.

"ಸುಣ್ಣ ಚೆನ್ನಾಗಿದೆಯಾ ಅತ್ತೆ?" ಎಂದು ಕೇಳಿದೆ.

"ಹಳೇ ಕೈ ಕಣವ್ವ ನಂದು. ನಶ್ಯ ಏರಿಸಿದ್ರೂ ಸೀನು ಬತ್ತಿರ್ಲಿಲ್ಲ. ಇವತ್ತು ಸಂತೋಷದಲ್ಲಿ ಒಂದು ಚಿಟಿಕೆ ಜಾಸ್ತಿ ಆಯ್ತು."

"ಹೋಗ್ಲಿ ಬಿಡಿ. ನನಗಾಗಿ ಎಷ್ಟು ಸಲ ನಂದು ಅಂತ ಹೇಳಿದ್ರಿ. ಮುಳ್ಳಿನ ಹೊರೆ ಕಟ್ಟಿದ್ರಿ. ಅದರಲ್ಲಿ ಒಂದು ತೀರ್ತು ಅಂದ್ಕೊಳ್ಳಿ."

ಅತ್ತೆ ಮಡಿಸಿದ ಎಲೆಯನ್ನು ಬಿಡಿಸಿ, ಮತ್ತೆ ಮಡಿಸಿದರು.

"ಆಗಿನ್ನೂ ನಂಗೆ ಹೊಸದು," ಎಂದರು.

"ಏನು ಹೊಸದು?"

"ನಶ್ಯ. ಕೈ ಪಳಗಿರ್ಲಿಲ್ಲ. ಹಿತ್ತಿಲಲ್ಲಿ ಕೂತು ಏರಿಸ್ತಿದ್ದೆ, ತಡೀತಿರ್ಲಿಲ್ಲ." ಅವರು ನನ್ನ ಕಡೆ ನೋಡಲಿಲ್ಲ. "ಆ ಮುಳ್ಳಿನ ಹೊರೆ ನಂದೇ. ಹುಲ್ಲಿನ ಗಾಡೀನೂ ನಂದೇ ಅಂತ ಕಾಣ್ತದೆ. ಬಾಕಿ ನಿಂದು."

ನಾನು ಅವರ ಮುಖವನ್ನೇ ನೋಡಿದೆ. ಆ ಕೈಗೆ ಹಚ್ಚಿದ ಎಣ್ಣೆ ನೆನಪಾಯಿತು. ನಂದು ಕಣಪ್ಪ ಎಂದು ಬೀದಿಗೆ ಹೋಗಿ ನಿಜವನ್ನೇ ಹೇಳಿ ಬಂದಿದ್ದರು, ಅದನ್ನು ನಾನು ಉಪಕಾರವೆಂದು ಇಷ್ಟು ವರ್ಷ ತಲೆಯ ಮೇಲೆ ಹೊತ್ತಿದ್ದೆ, ಅದಕ್ಕಾಗಿ ಎದುರಾಡದೆ ಮಾತ್ರೆ ನುಂಗಿದ್ದೆ. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತಡೆಯಲಾಗದೆ ಕಲ್ಲಿನ ಮೇಲೆ ಕೂತು ನಕ್ಕೆ. ಅವರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ಚಪ್ಪರದಲ್ಲಿ ಯಾರೋ ಹೆದರಿ, "ಮತ್ತೆ ಸೀನ್ತಾ ಅವ್ರಾ?" ಎಂದು ಕೇಳುವುದು ಕೇಳಿಸಿತು.

ನಗು ಇಳಿದ ಮೇಲೆ ಅತ್ತೆ ಕಣ್ಣು ಒರೆಸಿಕೊಂಡು, "ನಡಿ, ಹೊಟ್ಟೆ ಹಸಿದಿರ್ತದೆ," ಎಂದರು.

"ನಾನು ಹೇಗೆ ಬರ್ಲಿ? ಕೊನೇ ಪಂಕ್ತಿ ಏಳೋ ತನಕ ಒಳಗೆ ಬರೋ ಹಾಗಿಲ್ಲ. ನಾನು ಸೀನಿದವಳು."

ಅವರು ನನ್ನನ್ನು ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈ ಊರಿ ಎದ್ದರು. ಒಳಗೆ ಹೋಗಿ ಬಾಳೆ ಎಲೆ ತಂದು ನನ್ನ ಮುಂದೆ ಕಲ್ಲಿನ ಮೇಲೆ ಹಾಸಿ ನೀರು ಚಿಮುಕಿಸಿದರು. ಮತ್ತೆ ಹೋಗಿ ಅನ್ನ ತಂದರು, ಮತ್ತೆ ಹೋಗಿ ಸಾರು, ಮತ್ತೆ ಹೋಗಿ ಪಲ್ಯ, ಮತ್ತೆ ಹೋಗಿ ಪಾಯಸ. ಈ ಮನೆಗೆ ಬಂದ ಮೇಲೆ ಅತ್ತೆ ನನಗೆ ಎಲೆ ಹಾಕಿ ಬಡಿಸಿದ್ದು ಅದೇ ಮೊದಲು. ನಾನು ಒಂದೊಂದೇ ತುತ್ತು ನಿಧಾನವಾಗಿ ಉಂಡೆ. ಪ್ರತಿಯೊಂದರ ರುಚಿಯೂ ಗೊತ್ತಾಗುತ್ತಿತ್ತು.

"ಸಾಕಾ?" ಎಂದರು.

"ಪಾಯಸ ಇನ್ನೊಂದು ಸಲ," ಎಂದೆ.

ತಂದರು.